ಗೊಡಚಿನಮಲ್ಕಿಯ ಅಡವಿ

ಅಡವಿಯ ಮಾತು ಬಂದಾಗ ನಮ್ಮ ಮನಸ್ಸು ತಾನಾಗಿಯೇ ಮಲೆನಾಡಿನ ಕಡೆಗೆ ಹೊರಳುತ್ತದೆ. ಮುಗಿಲು ಮುಟ್ಟುವ ಮರಗಳು, ನಡುಹಗಲಿನಲ್ಲಿಯೂ ಬಿಸಿಲು ನೆಲಕ್ಕಿಳಿಯದ ನೆರಳು, ಎಡೆಬಿಡದ ಮಳೆ, ಜೀರುಂಡೆಗಳ ದನಿ, ಇವಿಷ್ಟಿದ್ದರೆ ಅದು ಅಡವಿ. ಇಲ್ಲವಾದರೆ ಬರಿಯ ಕುರುಚಲು. ನಾಲ್ಕಕ್ಷರ ಕಲಿತ ನಮ್ಮಂಥವರಿಗೆ ಇದಲ್ಲದೆ ಇನ್ನೊಂದು ಅಡವಿಯೂ ಪರಿಚಿತವಾದುದು. ಅದು ಇಂಗ್ಲಿಷ್ ಕವಿಗಳ ಅಡವಿ. ಓಕ್ ಮರವನ್ನಾಗಲಿ ಬೀಚ್ ಮರವನ್ನಾಗಲಿ ಕಣ್ಣಾರೆ ಕಾಣುವ ಮೊದಲೇ ಅವುಗಳ ತರಗೆಲೆಯ ಸಪ್ಪಳವನ್ನು ನಾವು ಕಾಲೇಜಿನ ಕೋಣೆಯಲ್ಲಿ ಕುಳಿತು ಕೇಳಿದ್ದೇವೆ. ಬಿ. ಎಂ. ಶ್ರೀಯವರ ‘ಇಂಗ್ಲಿಷ್ ಗೀತಗಳು’ ಆ ಕಾವ್ಯಲೋಕದ ಗಾಳಿಯನ್ನು ಕನ್ನಡಕ್ಕೆ ತಂದಿತು. ನಮ್ಮ ಗೋಕಾವಿಯ ಹೆಸರನ್ನು ಮನೆತನದ ಹೆಸರಾಗಿ ಹೊತ್ತಿದ್ದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಕಲಿತು ಬಂದರು; ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವನ್ನು ಬರೆದರು. ಇದರಿಂದೆಲ್ಲ ಕನ್ನಡಕ್ಕಾದ ಲಾಭ ಅಲ್ಪವಾದುದಲ್ಲ. ಆದರೆ ಇದರ ಜೊತೆಗೆ ಒಂದು ತೊಡಕೂ ನಮಗೆ ಅಂಟಿಕೊಂಡಿತು. ದೂರದ ಅಡವಿಯನ್ನು ನೋಡಿ ಪಳಗಿದ ಕಣ್ಣು, ಹತ್ತಿರದ ಅಡವಿಯನ್ನು ಅಡವಿಯೆಂದು ಒಪ್ಪಿಕೊಳ್ಳಲು ಹಿಂದೆಗೆಯತೊಡಗಿತು.

ನಾನು ಈ ಹೊತ್ತು ಹೇಳಬೇಕೆಂದಿರುವುದು ಅಂಥ ಹತ್ತಿರದ ಅಡವಿಯೊಂದರ ವಿಷಯ. ಗೋಕಾಕದಿಂದ ಹದಿನೈದು ಹದಿನಾರು ಕಿಲೋಮೀಟರು ದೂರದಲ್ಲಿ, ಮಾರ್ಕಂಡೇಯ ನದಿಯ ಬಳಿಯಲ್ಲಿ, ಗೊಡಚಿನಮಲ್ಕಿ ಎಂಬ ಹಳ್ಳಿಯಿದೆ. ಗೋಕಾಕದ ಜಲಪಾತವನ್ನು ನಾಡೆಲ್ಲ ಬಲ್ಲದು. ಅಲ್ಲಿ ಘಟಪ್ರಭೆ 52 ಮೀಟರು ಆಳಕ್ಕೆ ಧುಮುಕುತ್ತಾಳೆ. ಮಗ್ಗುಲಲ್ಲಿ 19ನೆಯ ಶತಮಾನದ ಹತ್ತಿಯ ಗಿರಣಿ, ಮೇಲೆ ತೂಗುಸೇತುವೆ, ದಂಡೆಯ ಮೇಲೆ ಹಳೆಯ ಗುಡಿಗಳು. ಗೊಡಚಿನಮಲ್ಕಿಗೆ ಈ ವೈಭವವಿಲ್ಲ. ಮಾರ್ಕಂಡೇಯ ಇಲ್ಲಿ ಎರಡು ಹಂತಗಳಲ್ಲಿ ಇಳಿಯುತ್ತದೆ: ಮೊದಲನೆಯ ಧುಮುಕು ಸುಮಾರು 25 ಮೀಟರಿನದು, ಎರಡನೆಯದು ಅದಕ್ಕಿಂತ ತುಸು ಗಿಡ್ಡ. ಆಮೇಲೆ ನದಿ ಯೋಗಿಕೊಳ್ಳದ ಕಡೆಗೆ ಸಾಗಿ, ಗೋಕಾಕದ ಹತ್ತಿರ ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಜನ ಬರುವುದು ಈ ನೀರನ್ನು ನೋಡುವುದಕ್ಕೆ. ನೀರಿನವರೆಗಿನ ಹಾದಿ ಅಡವಿಯ ನಡುವೆ ಹಾಯ್ದಿದೆಯೆಂಬುದು ಅವರ ಗಮನಕ್ಕೆ ಬರುವುದು ಅಪರೂಪ.

ಈ ಅಡವಿ ಇಲ್ಲಿ ಉಳಿದದ್ದೇಕೆ ಎಂಬುದಕ್ಕೆ ನೆಲವೇ ಉತ್ತರ ಹೇಳುತ್ತದೆ. ಈಚೆಗೆ ತಾಲೂಕಿನ ಪಟ್ಟ ಪಡೆದ ಮೂಡಲಗಿಯ ಸುತ್ತಲಿನ ಬಯಲು ಎರೆಯ ನೆಲ. ಜ್ವಾಲಾಮುಖಿಯಿಂದುಂಟಾದ ಕಪ್ಪು ಶಿಲೆ ಯುಗಯುಗಗಳ ಬಿಸಿಲು ಮಳೆಗೆ ಸವೆದು ಆದ ಮಣ್ಣು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣವಾಯಿತು; ಅದರ ಕಾಲುವೆಗಳ ನೀರುಂಡು ಈ ಬಯಲು ಇಂದು ಕಬ್ಬು, ಗೋವಿನಜೋಳ, ಅರಿಷಿಣಗಳಿಂದ ಹಸುರಾಗಿದೆ. ಗೋಕಾಕ, ಗೊಡಚಿನಮಲ್ಕಿಗಳ ಗುಡ್ಡಗಳಾದರೋ ಮರಳುಗಲ್ಲಿನವು. ಬಾದಾಮಿಯ ಗುಹೆಗಳನ್ನು ಕೊರೆದ ಕಲ್ಲಿನ ಬಳಗಕ್ಕೇ ಸೇರಿದ ಕಲ್ಲು ಇದು. ಇದರ ವಯಸ್ಸನ್ನು ನೂರು ಕೋಟಿ ವರ್ಷಗಳ ಅಳತೆಯಲ್ಲಿ ಎಣಿಸಬೇಕು. ಬಂಡೆಯ ಮೇಲೆ ಮಣ್ಣು ಗೇಣುದ್ದವೂ ಇಲ್ಲ. ರಂಟೆ ಹೊಡೆದರೆ ಕುಳ ಕಲ್ಲಿಗೆ ತಾಗುತ್ತದೆ. ಒಕ್ಕಲಿಗ ಬಿಟ್ಟ ಈ ನೆಲವನ್ನು ಗಿಡಗಳು ಹಿಡಿದವು. ಸಹ್ಯಾದ್ರಿಯ ಮಳೆಯ ನೆರಳಿನಲ್ಲಿರುವ ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರು. ಇಷ್ಟರಲ್ಲಿ ಬದುಕಬೇಕಾದ ಮರ ಎತ್ತರಕ್ಕೆ ಬೆಳೆಯುವ ಆಡಂಬರಕ್ಕೆ ಹೋಗುವುದಿಲ್ಲ.

ಮಳೆಗಾಲದ ಗದ್ದಲ ಮುಗಿದು, ಕಾರ್ತಿಕದ ಬಿಸಿಲು ಹಿತವಾಗಿರುವಾಗ ನಾನು ಅಲ್ಲಿಗೆ ಹೋಗಿದ್ದೆನು. ಹಳ್ಳಿಯಿಂದ ಜಲಪಾತಕ್ಕೆ ಎರಡು ಎರಡೂವರೆ ಕಿಲೋಮೀಟರಿನ ಹಾದಿ. ಮೊದಲ ಸ್ವಲ್ಪ ದೂರ ಏನೂ ಇಲ್ಲವೆಂದೇ ತೋರುತ್ತದೆ. ಬಂದರಿಕೆಯ ಪೊದೆಗಳು, ಒಣಗಲು ತೊಡಗಿದ ಹುಲ್ಲು, ಅಲ್ಲಲ್ಲಿ ಪಾಪಸಕಳ್ಳಿ. ನಡೆಯುತ್ತ ಹೋದಂತೆ ಕಣ್ಣು ಹೊಂದಿಕೊಳ್ಳುತ್ತದೆ. ಒಂದೇ ಬೂದುಬಣ್ಣವಾಗಿ ಕಂಡದ್ದು ಬೇರೆ ಬೇರೆ ಗಿಡಗಳಾಗಿ ಒಡೆದು ನಿಲ್ಲುತ್ತದೆ. ಇದು ದಿಂಡಲ; ನುಣುಪಾದ ಬಿಳಿಯ ತೊಗಟೆ. ಇದು ಮುತ್ತಲ, ಇದರ ಅಗಲವಾದ ಎಲೆಯಿಂದ ಊಟದ ಪತ್ರಾವಳಿ, ಹೋಳಿಯ ಮುಂದೆ ಅರಳುವ ಕೆಂಡದ ಬಣ್ಣದ ಹೂವಿನಿಂದ ಓಕುಳಿ. ಅದು ಕಕ್ಕೆ, ಬೇಸಗೆಯಲ್ಲಿ ಎಲೆಯನ್ನೆಲ್ಲ ನೀಗಿ ಹಳದಿಯ ಗೊಂಚಲು ಹೊರುವುದು. ಕಲ್ಲಿನ ಸಂದಿಯಲ್ಲಿ ಕವಳಿ, ಬಾರಿ. ಬನ್ನಿ, ಬೇವುಗಳಂತೂ ಮನೆಯವರಿದ್ದಂತೆ.

ಆ ಮೇಲೆ ಮೌನ. ಮೌನವೆಂದರೆ ಸದ್ದೇ ಇಲ್ಲವೆಂದಲ್ಲ. ಬೆಳವನ ಕೂಗು, ಎಲ್ಲಿಯೋ ಒಂದು ನವಿಲಿನ ಕೇಕೆ, ಕೆಳಗಿನ ಕೊಳ್ಳದಿಂದ ಸಣ್ಣಗಾದ ನೀರಿನ ಸಪ್ಪಳ. ಒಂದೊಂದು ಸದ್ದೂ ತನ್ನಷ್ಟಕ್ಕೆ ತಾನು ಕೇಳಿಸುವಷ್ಟು ಎಡೆ ಅಲ್ಲಿತ್ತು. ಪಟ್ಟಣದಲ್ಲಿ ನಮಗೆ ಇಲ್ಲದಿರುವುದು ಈ ಎಡೆ.

ಈ ಬಡ ಅಡವಿ ಪಟ್ಟಣಕ್ಕೆ ಕೊಟ್ಟದ್ದೇನು ಎಂದು ಕೇಳುವವರುಂಟು. ಗೋಕಾಕದ ಕರದಂಟನ್ನು ತಿನ್ನದವರು ನಮ್ಮಲ್ಲಿ ಯಾರಿದ್ದಾರೆ? ಆ ಹೆಸರನ್ನು ಬಿಡಿಸಿ ನೋಡಿರಿ: ಕರಿದ ಅಂಟು. ಅಂಟೆಂದರೆ ಮರದ ತೊಗಟೆಯಿಂದ ಒಸರಿ ಗಟ್ಟಿಯಾದ ರಸ. ತುಪ್ಪದಲ್ಲಿ ಕರಿದಾಗ ಅರಳಿ ಹಗುರಾಗುವುದು. ಜಾಲಿ, ದಿಂಡಲದಂಥ ಒಣಸೀಮೆಯ ಮರಗಳು ಕೊಡುವ ಪದಾರ್ಥ ಇದು. ಬೆಲ್ಲ, ಕೊಬ್ಬರಿ, ಗೋಡಂಬಿಗಳೆಲ್ಲ ಆಮೇಲೆ ಬಂದು ಕೂಡುವ ಬಳಗ. ಹೆಸರು ಮಾತ್ರ ಮರದ ಅಂಟಿನದು. ಹಾಗೆಯೇ ಗೋಕಾಕದ ಆಟಿಗೆಗಳು. ಹಗುರವಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಕೊಟ್ಟ ಮಾವು, ಬಾಳೆ, ಸೀತಾಫಲಗಳನ್ನು ನಿಜವಾದ ಹಣ್ಣೆಂದು ಬಗೆದು ಕೈಚಾಚದ ಮಗುವಿಲ್ಲ. ಗಿರಣಿ, ಪೇಟೆಗಳ ಊರಾದ ಗೋಕಾವಿ ತನ್ನ ಬಾಯಿಯಲ್ಲಿಯೂ ಕೈಯಲ್ಲಿಯೂ ಅಡವಿಯ ನೆನಪನ್ನು ಇಟ್ಟುಕೊಂಡಿದೆ. ಮರೆತಿರುವವರು ನಾವು.

ಹಿಂದಿರುಗುವಾಗ ಹಾದಿಯಲ್ಲಿ ಕುರಿ ಕಾಯುವ ಮುದುಕರೊಬ್ಬರು ಭೆಟ್ಟಿಯಾದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. “ಅಜ್ಜಾರ, ಅಡವಿ ಮೊದಲಿನ್ಹಂಗ ಉಳದೈತೇನ್ರಿ?” ಎಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ಗಿಡಗಳ ಕಡೆಗೆ ನೋಡಿ, “ಅಡವಿ ಎಲ್ಲಿ ಹೋಗತೈತ್ರೀ ಸರ? ಬಿಟ್ರ ತಾನ ಚಿಗೀತೈತಿ. ಬಿಡವರು ಬೇಕಲ್ಲರಿ” ಎಂದರು.

ಆ ಮಾತಿನಲ್ಲಿ ಶಾಸ್ತ್ರವಿದೆ. ಇಂಥ ಒಣ ಅಡವಿಯ ಅನೇಕ ಮರಗಳು ಬುಡಕ್ಕೆ ಕಡಿದರೂ ಬೇರಿನಿಂದ ಮತ್ತೆ ಚಿಗುರುತ್ತವೆ. ಇಂಗ್ಲೆಂಡಿನ ಹಳ್ಳಿಗರು ತಮ್ಮ ಅಡವಿಗಳನ್ನು ನೂರಾರು ವರ್ಷ ಉಳಿಸಿಕೊಂಡದ್ದು ಇದೇ ಗುಣವನ್ನು ನಂಬಿ. ಸರದಿಯಂತೆ ಒಂದೊಂದು ಭಾಗವನ್ನು ಬುಡಕ್ಕೆ ಕಡಿಯುವುದು, ಚಿಗುರು ಬಲಿಯುವವರೆಗೆ ಅತ್ತ ದನಗಳನ್ನು ಬಿಡದಿರುವುದು, ಮತ್ತೆ ಕೆಲವು ವರ್ಷಗಳ ಮೇಲೆ ಕಡಿಯುವುದು. ಕವಿಗಳು ಹಾಡಿದ ಅಡವಿಗಳು ಹಲವು ಹೀಗೆ ಕೊಡಲಿಯೂ ತಾಳ್ಮೆಯೂ ಕೂಡಿ ಬೆಳೆಸಿದವು.

ಇಲ್ಲಿ ಚರಿತ್ರೆಯ ಒಂದು ವಿಪರ್ಯಾಸವನ್ನು ನೆನೆಯಬೇಕು. 1878ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಎಪ್ಪಿಂಗ್ ಅರಣ್ಯದ ಕಾನೂನನ್ನು ಮಾಡಿತು. ನಗರದ ಅಂಚಿನಲ್ಲಿದ್ದ ಆ ಹಳೆಯ ಅಡವಿಗೆ ಯಾರೂ ಬೇಲಿ ಹಾಕಕೂಡದು, ಅದು ಸಾಮಾನ್ಯ ಜನರ ವಿಹಾರಕ್ಕೆ ಎಂದೆಂದಿಗೂ ತೆರೆದಿರಬೇಕು ಎಂಬುದು ಅದರ ತಾತ್ಪರ್ಯ. ಅದೇ 1878ರಲ್ಲಿ ಭಾರತದ ಅರಣ್ಯ ಕಾಯಿದೆಯೂ ಬಂದಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಜಿಲ್ಲೆಗೂ ಅದು ಅನ್ವಯಿಸಿತು. ಅದು ಅಡವಿಯನ್ನು ಕಾಯ್ದಿಟ್ಟಿತು, ನಿಜ. ಆದರೆ ಕಟ್ಟಿಗೆ ತರುವವಳನ್ನೂ ಕುರಿ ಮೇಯಿಸುವವನನ್ನೂ ಅಲ್ಲಿ ಅಪ್ಪಣೆ ಬೇಡುವವರನ್ನಾಗಿ ಮಾಡಿತು. ಒಂದೇ ಅರಸೊತ್ತಿಗೆ, ಒಂದೇ ವರ್ಷ: ಅಲ್ಲಿ ಅಡವಿ ಜನರದಾಯಿತು, ಇಲ್ಲಿ ಸರಕಾರದ್ದಾಯಿತು. ಸರಕಾರದ್ದಾದುದನ್ನು ಜನ ತಮ್ಮದೆಂದು ಭಾವಿಸದೆ ಹೋದರೆ ಆಶ್ಚರ್ಯವೇನು? ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಕಳೆದ ಮೇಲೆಯೂ ಆ ಪರಕೀಯಭಾವ ಪೂರ್ತಿ ಹೋಗಿಲ್ಲ.

ಹೆಸರಿನಲ್ಲಿಯೂ ಈ ಪರಕೀಯತೆ ಸೇರಿಕೊಂಡಿತು. ಸಾಗುವಳಿಗೆ ಬಾರದ ನೆಲಕ್ಕೆ ಕಂದಾಯದ ಕಾಗದಪತ್ರಗಳಲ್ಲಿ ಖರಾಬು ಎಂಬ ಒಂದೇ ಮಾತು. ಪೈರು ಬೆಳೆಯದ್ದು ಕೆಟ್ಟದ್ದು ಎಂಬ ಅರ್ಥ ಅದರೊಳಗೆ ಕುಳಿತಿದೆ. ನಮ್ಮ ಜನರ ಬಾಯಲ್ಲಿ ಈ ನೆಲಕ್ಕೆ ಎಷ್ಟು ಹೆಸರುಗಳು! ಗಡಸು ನೆಲದ ದಿನ್ನೆ ಮಡ್ಡಿ. ಕಲ್ಲಿನ ಏರು ಮರಡಿ. ನೀರು ಕೊರೆದ ಕಣಿವೆ ಕೊಳ್ಳ. ದನಕರು ಮೇಯುವ ಊರ ನೆಲ ಗಾಯರಾಣ. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು ಹುಟ್ಟಿದ ಊರು ಮಲಾಮರಡಿ, ಹೆಸರಿನಲ್ಲಿಯೇ ಮರಡಿಯಿದೆ. ಯೋಗಿಕೊಳ್ಳದಲ್ಲಿ ಕೊಳ್ಳವಿದೆ. ಬೆಟಗೇರಿಯ ಆನಂದಕಂದರು ಈ ಸೀಮೆಯ ಆಡುಮಾತನ್ನು ಕಾವ್ಯಕ್ಕೆ ತಂದಾಗ ಅವರ ಬೆನ್ನ ಹಿಂದಿದ್ದುದು ಹೀಗೆ ನೆಲವನ್ನು ಗುರುತಿಟ್ಟು ಹೆಸರಿಸಿದ ಜನ. ಇಷ್ಟು ಹೆಸರುಗಳನ್ನು ಅಳಿಸಿ ಖರಾಬೆಂದು ಬರೆದ ಮೇಲೆ, ಅಲ್ಲಿ ಕಲ್ಲು ಒಡೆದರೇನು, ಬೆಂಕಿ ಬಿದ್ದರೇನು, ಕಸ ಸುರಿದರೇನು ಎಂಬ ಉದಾಸೀನ ತಾನಾಗಿಯೇ ಬರುತ್ತದೆ. ಇಂದು ಮಳೆಗಾಲದ ರವಿವಾರಗಳಲ್ಲಿ ಜಲಪಾತಕ್ಕೆ ಬರುವ ಪಟ್ಟಣಿಗರು ಗದ್ದಲದ ಹಾಡುಪೆಟ್ಟಿಗೆಯನ್ನು ತಂದು, ಪ್ಲಾಸ್ಟಿಕ್ ಬಾಟಲಿಗಳನ್ನು ಬಿಟ್ಟು ಹೋಗುತ್ತಾರೆ. ಓದುಬರಹ ಬಾರದವರ ಕೆಲಸ ಇದಲ್ಲವೆಂಬುದನ್ನು ನಾಚಿಕೆಯಿಂದ ಹೇಳಬೇಕಾಗಿದೆ.

ಈ ಸೀಮೆಗೆ ನಮಗಿಂತ ಹೆಚ್ಚು ಬೆಲೆ ಕೊಡುವ ಅತಿಥಿಗಳಿದ್ದಾರೆ. 1974ರಲ್ಲಿ ಘಟಪ್ರಭೆಯ ಹಿನ್ನೀರಿನ ಪ್ರದೇಶವನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ಚಳಿಗಾಲದಲ್ಲಿ ಅಲ್ಲಿಗೆ ಮಧ್ಯ ಏಶಿಯದ ಕಡೆಯಿಂದ ಕ್ರೌಂಚಗಳೂ ಯುರೋಪಿನ ಹೆಸರಿನ ಬಿಳಿಯ ಕೊಕ್ಕರೆಗಳೂ ಬರುತ್ತವೆ. ಸಾವಿರಾರು ಮೈಲಿ ಹಾರಿ ಬರುವ ಆ ಹಕ್ಕಿಗೆ ನಮ್ಮ ಎರೆಯ ಹೊಲವೂ ನದಿಯ ನಡುಗಡ್ಡೆಯೂ ಸಾಕಾಗುವುದಾದರೆ, ಹತ್ತಾರು ಕಿಲೋಮೀಟರಿನೊಳಗಿರುವ ನಮಗೆ ಅದು ಸಾಲದೆಂಬುದು ಹೇಗೆ?

ಕಾಯಿದೆ, ಯೋಜನೆಗಳ ಮಾತನ್ನು ಬಲ್ಲವರು ಆಡಲಿ. ಸಾಹಿತ್ಯಪ್ರಿಯರಾದ ನಮ್ಮಿಂದ ಆಗುವ ಕೆಲಸ ಚಿಕ್ಕದು. ಜಲಪಾತ ತುಂಬಿ ಹರಿಯದ ದಿನವೊಂದನ್ನು ಆರಿಸಿಕೊಂಡು ಆ ಹಾದಿಯಲ್ಲಿ ಮೆಲ್ಲಗೆ ನಡೆಯುವುದು. ಮಕ್ಕಳನ್ನು ಜೊತೆಗೆ ಕರೆದೊಯ್ಯುವುದು. ಹಳ್ಳಿಯವರನ್ನು ಕೇಳಿ ಐದು ಗಿಡಗಳ ಹೆಸರನ್ನಾದರೂ ಕಲಿಯುವುದು. ಓಕ್ ಮರದ ಹೆಸರು ಬಲ್ಲ ನಮ್ಮ ಮಕ್ಕಳು ದಿಂಡಲದ ಹೆಸರನ್ನೂ ಬಲ್ಲವರಾಗಲಿ. ಹೆಸರು ಹಿಡಿದು ಕರೆಯಬಲ್ಲ ಗಿಡಕ್ಕೆ ಕೊಡಲಿ ಬಿದ್ದಾಗ, ಏಕೆ ಎಂದು ಕೇಳುವವರು ಆಗ ನಾಲ್ಕು ಮಂದಿಯಾದರೂ ಇರುತ್ತಾರೆ.