ಕೃಷಿ ವಿಶ್ವವಿದ್ಯಾಲಯದ ಅಂಗಳ ಮತ್ತು ರೈತನ ಹೊಲ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣದ ಪಠ್ಯ)



ಧಾರವಾಡದ ಯತ್ತಿನಗುಡ್ಡದ ಮೇಲಿರುವ ಕೃಷಿ ವಿಶ್ವವಿದ್ಯಾಲಯದ ಮುಂದೆ ಹಾದು ಹೋಗುವ ರೈತರು ಅನೇಕರು. ಕಟ್ಟಡಗಳನ್ನು, ಸಾಲುಮರಗಳನ್ನು, ಸಾಲು ತಪ್ಪದ ಬೆಳೆಗಳನ್ನು ನೋಡಿ “ಅದು ಓದಿದವರ ಜಾಗ, ನಮಗೇನು ಕೆಲಸ” ಎಂದುಕೊಳ್ಳುವವರೇ ಹೆಚ್ಚು. ವರ್ಷಕ್ಕೊಮ್ಮೆ ಕೃಷಿಮೇಳಕ್ಕೆ ಬಂದು, ಬೀಜದ ಚೀಲ ಹೊತ್ತು ಹೋದರೆ ಸಂಬಂಧ ಮುಗಿಯಿತೆಂಬ ಭಾವನೆಯೂ ಇದೆ. ಈ ಭಾವನೆ ಸರಿಯಲ್ಲ. ಕೃಷಿ ವಿಶ್ವವಿದ್ಯಾಲಯಕ್ಕೆ ಕಲಿಸುವುದು, ಸಂಶೋಧಿಸುವುದು, ತಿಳಿಸುವುದು ಎಂಬ ಮೂರು ಕೆಲಸಗಳುಂಟು. ಈ ಮೂರೂ ಸರಿಯಾಗಿ ನಡೆಯಬೇಕಾದರೆ ರೈತನು ಕೇಳುವವನಾಗಿದ್ದರೆ ಸಾಲದು, ಹೇಳುವವನೂ ಆಗಬೇಕು. ಹೊಲದ ಸುದ್ದಿ ಅಂಗಳಕ್ಕೆ ಬಾರದಿದ್ದರೆ ಅಂಗಳದ ವಿದ್ಯೆ ಹೊಲಕ್ಕೆ ಹೊಂದುವುದಿಲ್ಲ.

ಬೆಳೆದು ಬಂದ ಬಗೆ

ಬೇಸಾಯಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯವೇಕೆ ಎಂಬ ಪ್ರಶ್ನೆ ಸಹಜ. ಅಮೆರಿಕದಲ್ಲಿ 1862ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಸಹಿ ಮಾಡಿದ ಒಂದು ಕಾಯಿದೆಯಂತೆ ರಾಜ್ಯಗಳಿಗೆ ಭೂಮಿ ಕೊಟ್ಟು, ಅದರಿಂದ ಬಂದ ಹಣದಲ್ಲಿ ಬೇಸಾಯ ಮತ್ತು ಕೈಗಾರಿಕೆಗಳನ್ನು ಕಲಿಸುವ ಕಾಲೇಜುಗಳು ಹುಟ್ಟಿದವು. ಕ್ರಮೇಣ ಅವು ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತಂದವು. ಸ್ವಾತಂತ್ರ್ಯಾನಂತರ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ನಮ್ಮಲ್ಲಿಯೂ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದು ಸೂಚಿಸಿತು. ಭಾರತದ ಮೊದಲ ಕೃಷಿ ವಿಶ್ವವಿದ್ಯಾಲಯ 1960ರಲ್ಲಿ ಪಂತನಗರದಲ್ಲಿ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲಿ 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ತಲೆ ಎತ್ತಿತು.

ಧಾರವಾಡದ ಕೃಷಿ ಕಾಲೇಜು ಅದಕ್ಕಿಂತ ಹಿರಿಯದು. ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1947ರಲ್ಲಿ ಅದು ಪ್ರಾರಂಭವಾಯಿತು. ಮುಂದೆ ಬೆಂಗಳೂರಿನ ವಿಶ್ವವಿದ್ಯಾಲಯದ ಆಶ್ರಯಕ್ಕೆ ಸೇರಿ, 1986ರ ಅಕ್ಟೋಬರ್ 1ರಂದು ಉತ್ತರ ಕರ್ನಾಟಕಕ್ಕೇ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯವಾದಾಗ ಅದರ ಕೇಂದ್ರವಾಯಿತು. ರಾಯಚೂರಿನಲ್ಲಿ ಬೇರೆ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಧಾರವಾಡದ ಕಾರ್ಯಕ್ಷೇತ್ರ ಏಳು ಜಿಲ್ಲೆಗಳಿಗೆ ನಿಂತಿದೆ: ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಉತ್ತರ ಕನ್ನಡ.

ಈ ಏಳು ಜಿಲ್ಲೆಗಳ ಭೂಮಿ ಒಂದೇ ಬಗೆಯದಲ್ಲ. ಮೂಡಣಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ. ಪಡುವಣಕ್ಕೆ ಕಲಘಟಗಿಯಿಂದಾಚೆ ಭತ್ತದ ಗದ್ದೆ, ಮಲೆನಾಡಿನ ಅಂಚು. ಧಾರವಾಡಕ್ಕೆ ಬೀಳುವಷ್ಟು ಮಳೆ ವಿಜಯಪುರಕ್ಕೆ ಬೀಳದು. ಗುಡ್ಡದ ಮೇಲಿನ ತಾಕಿನಲ್ಲಿ ಚೆನ್ನಾಗಿ ಬಂದ ಬೆಳೆ ಎಲ್ಲೆಡೆಯೂ ಹಾಗೆಯೇ ಬಂದೀತೆಂದು ಹೇಳಲಾಗದು. ಆದುದರಿಂದಲೇ ಸಂಶೋಧನಾ ಕೇಂದ್ರಗಳನ್ನು ನಾನಾ ಕಡೆ ಹರಡಲಾಗಿದೆ. ವಿಜಯಪುರದಲ್ಲಿ ಒಣಬೇಸಾಯದ ಕೆಲಸ 1930ರ ದಶಕದಿಂದಲೇ ನಡೆದು ಬಂದಿದೆ. ಮುಗದದಲ್ಲಿ ಭತ್ತ, ಸಂಕೇಶ್ವರದಲ್ಲಿ ಕಬ್ಬು, ಅಣ್ಣಿಗೇರಿಯಲ್ಲಿ ಕಡಲೆಯ ಕೆಲಸ ನಡೆಯುತ್ತದೆ. ಬೆಳವಲದ ರೈತರಿಗೆ ಚಿರಪರಿಚಿತವಾದ ಅಣ್ಣಿಗೇರಿ-1 ಕಡಲೆ ತಳಿ ಹೆಸರಿನಲ್ಲಿಯೇ ತನ್ನ ಊರನ್ನು ಹೊತ್ತುಕೊಂಡಿದೆ.

ವಿದ್ಯಾರ್ಥಿಯ ಕೈಗೆ ಮಣ್ಣು

ಕೃಷಿ ಪದವಿ ನಾಲ್ಕು ವರ್ಷದ್ದು. ವಿದ್ಯಾರ್ಥಿಗಳು ಹೆಚ್ಚಾಗಿ ವಸತಿ ನಿಲಯಗಳಲ್ಲಿಯೇ ಇರುತ್ತಾರೆ. ವಿಜಯಪುರದ ಜೋಳದ ರೊಟ್ಟಿ ಉಂಡು ಬೆಳೆದವನು, ಶಿರಸಿಯ ಕಡೆಯಿಂದ ಅನ್ನ ಉಂಡು ಬಂದವನು ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತಾರೆ. ಒಬ್ಬನಿಗೆ ಅಡಿಕೆ ತೋಟ ಹೊಸದು, ಇನ್ನೊಬ್ಬನಿಗೆ ಹಿಂಗಾರಿ ಜೋಳ ಹೊಸದು. ತರಗತಿಯಲ್ಲಿ ಕಲಿಯದ ಎಷ್ಟೋ ಸಂಗತಿ ಹೀಗೆ ಗೆಳೆಯರ ಮಾತಿನಲ್ಲಿ ತಿಳಿಯುತ್ತದೆ. ಒಂದು ಕಾಲಕ್ಕೆ ಗಂಡುಹುಡುಗರಷ್ಟೇ ಕಾಣುತ್ತಿದ್ದ ತರಗತಿಗಳಲ್ಲಿ ಇಂದು ಹೆಣ್ಣುಮಕ್ಕಳೂ ಬಹುಸಂಖ್ಯೆಯಲ್ಲಿದ್ದಾರೆ. ಕಳೆ, ಕೊಯ್ಲು, ಬೀಜ ಕಾಪಿಡುವುದು, ರಾಶಿ ಹಸನು ಮಾಡುವುದು ಮೊದಲಾದ ಕೆಲಸಗಳನ್ನು ಹೆಚ್ಚಾಗಿ ಹೆಂಗಸರೇ ಮಾಡುವ ನಾಡಿನಲ್ಲಿ ಇದು ಆಗಬೇಕಾಗಿದ್ದ ಬದಲಾವಣೆ.

ಓದಿನಷ್ಟೇ ಮುಖ್ಯವಾದುದು ಹೊಲದ ಕೆಲಸ. ಬೇಸಾಯಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಸಣ್ಣ ತಾಕುಗಳನ್ನು ಹಂಚಲಾಗುತ್ತದೆ. ಭೂಮಿ ಹದ ಮಾಡುವುದು, ಬಿತ್ತುವುದು, ಎಡೆ ಹೊಡೆಯುವುದು, ಕಳೆ ತೆಗೆಯುವುದು, ಕೊಯ್ಯುವುದು, ತೂಗುವುದು, ಖರ್ಚು ವೆಚ್ಚ ಬರೆಯುವುದು ಎಲ್ಲವೂ ಅವರದೇ. ತಾಕಿನಲ್ಲಿ ಮೊಳಕೆ ಕಡಿಮೆಯಾದರೆ ಪುಸ್ತಕವನ್ನು ದೂರಿ ಪ್ರಯೋಜನವಿಲ್ಲ. ಬೀಜ ಎಷ್ಟು ಆಳಕ್ಕೆ ಬಿತ್ತು, ಹದ ಹೇಗಿತ್ತು ಎಂದು ಮಣ್ಣು ಕೆದಕಿ ನೋಡಬೇಕು. ಕೈಯಲ್ಲಿ ಬೊಬ್ಬೆ ಎದ್ದ ಮೇಲೆ, ಎಕರೆಗೆ ಇಷ್ಟು ಆಳು ಸಾಕೆಂದು ಸುಲಭವಾಗಿ ಬರೆಯುವ ಕೈ ಸ್ವಲ್ಪ ತಡೆಯುತ್ತದೆ. ಮುಂದೆ ಕೃಷಿ ಅಧಿಕಾರಿಯಾಗುವವನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹಳ್ಳಿಯೇ ತರಗತಿ

ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಅಂಗಳ ಬಿಟ್ಟು ಹಳ್ಳಿಗೆ ಬರುತ್ತಾರೆ. ಇದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹೆಸರು. ಅವರು ಹಳ್ಳಿಯಲ್ಲಿಯೇ ವಾಸ್ತವ್ಯ ಮಾಡಿ, ಒಬ್ಬೊಬ್ಬ ರೈತನ ಜತೆ ಹೊಲಕ್ಕೆ ಹೋಗಿ, ಆತನ ಬೇಸಾಯದ ಲೆಕ್ಕ ಬರೆದುಕೊಳ್ಳುತ್ತಾರೆ. ಶಾಲೆಯ ಮುಂದೆಯೋ ಗುಡಿಯ ಕಟ್ಟೆಯ ಬಳಿಯೋ ಬಣ್ಣದ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ ಕೆರೆ, ಹಳ್ಳ, ಬಾವಿ, ಓಣಿ, ಹೊಲಗಳನ್ನು ಗುರುತಿಸುತ್ತಾರೆ. ಸುತ್ತ ನಿಂತ ಹಿರಿಯರು “ಆ ಹಳ್ಳ ಅಲ್ಲಲ್ಲ, ಈ ಕಡೆ ತಿರುಗಬೇಕು” ಎಂದು ತಿದ್ದುತ್ತಾರೆ. ಆ ತಿದ್ದುಪಡಿಯಲ್ಲಿಯೇ ನಿಜವಾದ ಕಲಿಕೆ ಇದೆ.

ಊರವರು ಈ ಮಕ್ಕಳನ್ನು ಆದರದಿಂದಲೇ ಕಾಣುತ್ತಾರೆ. ಆದರೆ ಆದರ ಬೇರೆ, ಉಪಯೋಗ ಬೇರೆ. “ಪಾಪ, ಓದೋ ಹುಡುಗರು” ಎಂದು ಚಹಾ ಕೊಟ್ಟು ಕಳಿಸಿದರೆ ಇಬ್ಬರಿಗೂ ನಷ್ಟ. ಅವರಿಂದ ಕೆಲಸ ಮಾಡಿಸಿಕೊಳ್ಳಬೇಕು. ಉದಾಹರಣೆಗೆ ಕಡಲೆ ಬಿತ್ತುವ ಮುನ್ನ ಬೀಜೋಪಚಾರ. ಸಿಡಿರೋಗದ ಕಾಟವಿರುವ ಹೊಲಕ್ಕೆ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ಅನಂತರ ಆರಿಸಿದ ಬೆಲ್ಲದ ಅಂಟಿನಲ್ಲಿ ರೈಜೋಬಿಯಂ ಹಚ್ಚಿ, ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತಬೇಕು. ಬಿಸಿ ಬೆಲ್ಲದ ನೀರು, ಬಿಸಿಲು ಎರಡೂ ಈ ಜೀವಾಣುಗಳಿಗೆ ಶತ್ರು. ಇದನ್ನು ವಿದ್ಯಾರ್ಥಿ ಹತ್ತು ಬಾರಿ ಓದಿರುತ್ತಾನೆ. ರೈತನ ಮುಂದೆ ಒಮ್ಮೆ ಮಾಡಿ ತೋರಿಸಿದರೆ ಇಬ್ಬರಿಗೂ ಮನದಟ್ಟಾಗುತ್ತದೆ. ಉಪಚಾರ ಮಾಡದ ನಾಲ್ಕು ಸಾಲುಗಳನ್ನು ಪಕ್ಕದಲ್ಲಿ ಬಿಟ್ಟರೆ ಫಲವೂ ಕಣ್ಣಿಗೆ ಕಾಣುತ್ತದೆ.

ಹತ್ತಿ ಕಲಿಸಿದ ಪಾಠ

ಅಂಗಳಕ್ಕೂ ಹೊಲಕ್ಕೂ ಇರುವ ನಂಟಿನ ಬಲವನ್ನೂ ದೌರ್ಬಲ್ಯವನ್ನೂ ತೋರಿಸುವ ಬೆಳೆಯೆಂದರೆ ಹತ್ತಿ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರ ಶ್ರಮದಿಂದ 1972ರಲ್ಲಿ ವರಲಕ್ಷ್ಮಿ ಸಂಕರಣ ಹತ್ತಿ ಹೊರಬಂದಿತು. ನಮ್ಮ ಲಕ್ಷ್ಮಿ ತಳಿಯನ್ನು ತಾಯಿಯಾಗಿಟ್ಟು, ಈಜಿಪ್ಟ್ ಹತ್ತಿಯ ವರ್ಗಕ್ಕೆ ಸೇರಿದ ಉದ್ದ ಎಳೆಯ ಬಾರ್ಬಡೆನ್ಸ್ ಹತ್ತಿಯ ಪರಾಗ ಹಚ್ಚಿ ಇದನ್ನು ಪಡೆಯಲಾಯಿತು. ಎರಡು ಬೇರೆ ಬೇರೆ ಪ್ರಭೇದಗಳ ನಡುವಿನ ಇಂಥ ಹತ್ತಿ ಸಂಕರಣ ರೈತರ ಹೊಲಕ್ಕೆ ಬಂದದ್ದು ಅದೇ ಮೊದಲು. 1981ರಲ್ಲಿ ಬಂದ ಡಿ.ಸಿ.ಎಚ್.-32, ಅಂದರೆ ಜಯಲಕ್ಷ್ಮಿ, ಇದೇ ಸಾಲಿನ ಇನ್ನೊಂದು ಹೆಜ್ಜೆ. ಸಂಕರಣ ಬೀಜ ತಯಾರಿಸಲು ಸಂಜೆ ಮೊಗ್ಗಿನ ಗಂಡು ಭಾಗವನ್ನು ಬಿಡಿಸಿ, ಮರುದಿನ ಬೆಳಿಗ್ಗೆ ಪರಾಗ ಹಚ್ಚಬೇಕು. ಒಂದೊಂದು ಹೂವಿಗೂ ಕೈ ತಾಗಬೇಕು. ರಾಣೇಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಈ ನಾಜೂಕಿನ ಕೆಲಸ ಕಲಿತ ಹೆಣ್ಣುಮಕ್ಕಳಿಂದ ಬೀಜೋತ್ಪಾದನೆ ಒಂದು ಕಸುಬಾಗಿ ಬೆಳೆಯಿತು.

ಇದು ಕಥೆಯ ಒಂದು ಮುಖ. ಇನ್ನೊಂದು ಮುಖವನ್ನೂ ಹೇಳಬೇಕು. ಹೊಸ ಹತ್ತಿಗೆ ಗೊಬ್ಬರ, ಔಷಧಿಗಳ ಖರ್ಚು ಹೆಚ್ಚು, ಬೆಳೆ ದೀರ್ಘಾವಧಿಯದು. ಹೊಲ ತುಂಬ ಅರಳೆ ಬಂದಾಗ ಪೇಟೆಯಲ್ಲಿ ಧಾರಣೆ ಕುಸಿಯಿತು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರಿನ ಕರ, ಅಭಿವೃದ್ಧಿ ಕರಗಳ ಭಾರವೂ ಸೇರಿ ಅಸಮಾಧಾನ ಉಕ್ಕಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಗುಂಡಿಗೆ ಬಲಿಯಾದರು. ಒಳ್ಳೆಯ ತಳಿ ಎಂದಾಕ್ಷಣ ಒಳ್ಳೆಯ ಆದಾಯವಲ್ಲ ಎಂಬುದನ್ನು ಆ ವರ್ಷ ಎಲ್ಲರಿಗೂ ಕಲಿಸಿತು. ಇಳುವರಿಯ ಜತೆ ಖರ್ಚನ್ನೂ ಪೇಟೆಯನ್ನೂ ಅಳೆಯದ ಸಂಶೋಧನೆ ಅರ್ಧ ಸಂಶೋಧನೆ.

2002ರಲ್ಲಿ ಬಿ.ಟಿ. ಹತ್ತಿಗೆ ಕೇಂದ್ರ ಸರ್ಕಾರದ ಅನುಮತಿ ದೊರೆತ ಮೇಲೆ ಹಳೆಯ ಸಂಕರಣಗಳು ಬಹುಮಟ್ಟಿಗೆ ಹಿಂದೆ ಸರಿದವು. ಕಾಯಿಕೊರಕದ ಕಾಟ ಮೊದಲು ಇಳಿಯಿತು. ವರ್ಷಗಳು ಉರುಳಿದಂತೆ ಗುಲಾಬಿ ಕಾಯಿಕೊರಕ ಅದನ್ನೂ ತಾಳಿಕೊಳ್ಳಲು ಕಲಿಯಿತು. ಇಂದು ಲಿಂಗಾಕರ್ಷಕ ಬಲೆ ಕಟ್ಟಿ, ಸತತ ಮೂರು ರಾತ್ರಿ ಬಲೆಯೊಂದಕ್ಕೆ 8 ಅಥವಾ ಹೆಚ್ಚು ಪತಂಗ ಬಿದ್ದರೆ ಹತೋಟಿ ಕ್ರಮ ಕೈಗೊಳ್ಳಬೇಕೆಂದು ಹೇಳಲಾಗುತ್ತದೆ. ಆ ಪತಂಗಗಳನ್ನು ಎಣಿಸುವವರು ಯಾರು? ಪ್ರತಿ ಊರಿಗೂ ವಿಜ್ಞಾನಿ ಬರಲಾರ. ರೈತನೇ ಎಣಿಸಿ ಬರೆದಿಟ್ಟು ತಿಳಿಸಿದರೆ, ಕೀಟ ಯಾವ ಊರಿನಲ್ಲಿ ಯಾವಾಗ ಎದ್ದಿತೆಂಬುದು ವಿಶ್ವವಿದ್ಯಾಲಯಕ್ಕೆ ಗೊತ್ತಾಗುತ್ತದೆ; ಪಕ್ಕದ ಊರಿಗೆ ಮುನ್ನೆಚ್ಚರಿಕೆ ಹೋಗುತ್ತದೆ. ಕೀಟ ವಿದ್ಯೆ ಕಲಿಯುತ್ತಲೇ ಇರುವಾಗ ಮನುಷ್ಯರ ನಡುವಿನ ಸುದ್ದಿ ನಿಲ್ಲಬಾರದು.

ಬರುವಾಗ ಏನು ತರಬೇಕು?

ಧಾರವಾಡದ ಕೃಷಿಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಹಿಂಗಾರಿ ಬಿತ್ತನೆಯ ಮುನ್ನ ನಡೆಯುತ್ತದೆ. ಜೋಳ, ಕಡಲೆ, ಕುಸುಬೆ, ಗೋಧಿ ಬೀಜಕ್ಕಾಗಿ ಬರುವವರು ಬಹಳ. ಬರಿಗೈಯಲ್ಲಿ ಬರುವ ಬದಲು ಮೂರು ವಸ್ತುಗಳನ್ನು ತಂದರೆ ಬಂದ ದಾರಿ ಸಾರ್ಥಕವಾಗುವುದು.

1. ಮಣ್ಣಿನ ಮಾದರಿ: ಹೊಲದಲ್ಲಿ ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ, 15 ಸೆಂ.ಮೀ. ಆಳಕ್ಕೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಗುಣಿ ತೆಗೆದು, ಅದರ ಬದಿಯ ಮಣ್ಣನ್ನು ಕೆರೆದು ಕೂಡಿಸಬೇಕು. ಬದು, ತಿಪ್ಪೆ, ಮರದ ಬುಡ, ಹೊಸದಾಗಿ ಗೊಬ್ಬರ ಹಾಕಿದ ಜಾಗ ಬೇಡ. ಚೆನ್ನಾಗಿ ಬೆರೆಸಿ ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ತೆಗೆದುಹಾಕುತ್ತ ಬಂದು, ಅರ್ಧ ಕಿಲೋ ಉಳಿದಾಗ ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಕಟ್ಟಬೇಕು. ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ ಬರೆದ ಚೀಟಿ ಜತೆಗಿರಲಿ.

2. ರೋಗ ತಗಲಿದ ಗಿಡ: ಒಂದು ಎಲೆ ಸಾಲದು, ಬೇರು ಸಮೇತ ಗಿಡ ಬೇಕು. ಪೂರ್ತಿ ಸತ್ತ ಗಿಡಕ್ಕಿಂತ ಈಗಷ್ಟೇ ರೋಗ ಹಿಡಿದ ಗಿಡ ಹೆಚ್ಚು ಹೇಳುತ್ತದೆ. ಪಕ್ಕದ ಆರೋಗ್ಯವಂತ ಗಿಡವನ್ನೂ ತರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆಯುವುದರಿಂದ ಕಾಗದದಲ್ಲಿ ಸುತ್ತುವುದು ಮೇಲು.

3. ಬರೆದಿಟ್ಟ ಲೆಕ್ಕ: ಬಿತ್ತಿದ ದಿನ, ತಳಿ, ಮಳೆ ಬಂದ ದಿನಗಳು, ಹಾಕಿದ ಗೊಬ್ಬರ, ಹೊಡೆದ ಔಷಧಿ, ಬಂದ ಇಳುವರಿ, ಸಿಕ್ಕ ಬೆಲೆ. ಮಕ್ಕಳ ಹಳೆಯ ನೋಟ್‌ಪುಸ್ತಕದ ಉಳಿದ ಹಾಳೆಗಳೇ ಇದಕ್ಕೆ ಸಾಕು. ಶಿಫಾರಸು ಮಾಡಿದ ಪದ್ಧತಿ ತಮ್ಮ ಹೊಲದಲ್ಲಿ ಸೋತಿದ್ದರೆ ಅದನ್ನು ಮುಚ್ಚಿಡಬಾರದು. ಸೋತ ಲೆಕ್ಕ ಗೆದ್ದ ಲೆಕ್ಕದಷ್ಟೇ ಬೆಲೆಯುಳ್ಳದ್ದು.

ಮೇಳಕ್ಕಾಗಿ ಕಾಯಬೇಕೆಂದೂ ಇಲ್ಲ. ಸೈದಾಪುರ, ಹನುಮನಮಟ್ಟಿ, ಶಿರಸಿ ಮೊದಲಾದೆಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ಹೋಬಳಿಯಲ್ಲಿ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರವಿದೆ. ವಿಸ್ತರಣಾ ಕಾರ್ಯಕರ್ತರು ರೈತರ ಪ್ರಶ್ನೆಗೆ ಉತ್ತರ ತಿಳಿಯದಿದ್ದಾಗ ತೋಚಿದ್ದನ್ನು ಹೇಳುವುದಕ್ಕಿಂತ, ಪ್ರಶ್ನೆಯನ್ನು ಬರೆದುಕೊಂಡು ವಿಜ್ಞಾನಿಗಳಿಗೆ ಮುಟ್ಟಿಸಿ, ಉತ್ತರವನ್ನು ಮರಳಿ ಅದೇ ರೈತನಿಗೆ ತಲುಪಿಸುವುದು ಶ್ರೇಯಸ್ಕರ. ರೈತನ ನಂಬಿಕೆ ಉಳಿಯುವುದು ಆ ಎರಡನೆಯ ಭೇಟಿಯಲ್ಲಿ.

ಓದಿದ ಮಗ, ಓದಿದ ಮಗಳು

ಕೃಷಿ ಕಾಲೇಜುಗಳಲ್ಲಿ ರೈತರ ಮಕ್ಕಳಿಗೆಂದು ಸೀಟುಗಳನ್ನು ಮೀಸಲಿಡಲಾಗಿದೆ. ಅವುಗಳಿಗಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಬೇಸಾಯದ ಸಲಕರಣೆಗಳನ್ನು ಗುರುತಿಸಬೇಕು. ವಿಚಿತ್ರವೆಂದರೆ, ರೈತರ ಮನೆಯಲ್ಲಿಯೇ ಹುಟ್ಟಿದ ಎಷ್ಟೋ ಮಕ್ಕಳು ಈ ಪರೀಕ್ಷೆಗೆಂದು ಬೀಜಗಳ ಹೆಸರನ್ನು ಪುಸ್ತಕ ನೋಡಿ ಬಾಯಿಪಾಠ ಮಾಡುತ್ತಾರೆ. “ನೀನು ಹೊಲಕ್ಕೆ ಬರಬೇಡ, ಓದಿಕೊ” ಎಂದು ತಂದೆತಾಯಿಗಳು ಪ್ರೀತಿಯಿಂದ ಹೇಳಿದ ಮಾತಿನ ಫಲವಿದು. ಓದಿಗೂ ಹೊಲಕ್ಕೂ ಜಗಳವಿಲ್ಲ. ರಜೆಯಲ್ಲಿ ಕೂರಿಗೆ ಹಿಡಿದ ಹುಡುಗ, ರಾಶಿಯಲ್ಲಿ ಕೈಯಾಡಿಸಿದ ಹುಡುಗಿ ಪರೀಕ್ಷೆಯಲ್ಲಿ ಹಿಂದೆ ಬೀಳುವುದಿಲ್ಲ.

ಪದವಿ ಪಡೆದವರೆಲ್ಲರೂ ಊರಿಗೆ ಮರಳಿ ರಂಟೆ ಹೊಡೆಯಬೇಕೆಂದು ಬಯಸುವುದು ನ್ಯಾಯವಲ್ಲ. ಅವರು ಬ್ಯಾಂಕಿಗೆ, ಇಲಾಖೆಗೆ, ಕಂಪನಿಗೆ ಹೋದಾರು. ಆದರೆ ಎಲ್ಲಿದ್ದರೂ ರೈತನ ಕಡತ ಮುಂದೆ ಬಂದಾಗ, ಆ ಹಾಳೆಯ ಹಿಂದಿರುವ ಹೊಲವನ್ನು ಕಾಣುವ ಕಣ್ಣು ಅವರಿಗಿರಬೇಕು. ಆ ಕಣ್ಣನ್ನು ಕೊಡುವುದು ವಿಶ್ವವಿದ್ಯಾಲಯವೊಂದೇ ಅಲ್ಲ, ಕಾರ್ಯಾನುಭವಕ್ಕೆ ಬಂದಾಗ ಅವರನ್ನು ಹೊಲಕ್ಕೆ ಕರೆದೊಯ್ದ ರೈತನೂ ಹೌದು.

ರೈತ ಬಾಂಧವರೆ, ಯತ್ತಿನಗುಡ್ಡದ ಅಂಗಳವನ್ನು ನಡೆಸುತ್ತಿರುವುದು ಸಾರ್ವಜನಿಕರ ಹಣ. ಅದರಲ್ಲಿ ತಮ್ಮ ಪಾಲೂ ಇದೆ. ತಮ್ಮ ಪಾಲಿನ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು, ತಮಗೆ ತಿಳಿದುದನ್ನು ಧೈರ್ಯದಿಂದ ಹೇಳಬೇಕು. ಬರುವ ಹಿಂಗಾರಿನಲ್ಲಿ ಒಂದು ನೋಟ್‌ಪುಸ್ತಕ, ಒಂದು ಚೀಲ ಮಣ್ಣು ಸಿದ್ಧವಾಗಲಿ.