ಕ್ಯಾಮರಾದ ಸಾಕ್ಷ್ಯಕ್ಕೆ ತೆರುವ ಬೆಲೆ



2007ರ ಸೆಪ್ಟೆಂಬರ್ 27ರಂದು ಬರ್ಮಾದ ರಂಗೂನಿನಲ್ಲಿ ಜಪಾನಿನ ಪತ್ರಿಕಾ ಛಾಯಾಗ್ರಾಹಕ ಕೆಂಜಿ ನಗಾಯಿ ಗುಂಡಿಗೆ ಬಲಿಯಾದರು. ಅವರು ಆ ದೇಶಕ್ಕೆ ಬಂದು ಎರಡೇ ದಿನಗಳಾಗಿದ್ದವು. ಇಂಧನ ಬೆಲೆಯೇರಿಕೆಯ ವಿರುದ್ಧ ಆರಂಭವಾದ ಪ್ರತಿಭಟನೆಗೆ ಬೌದ್ಧ ಭಿಕ್ಷುಗಳೂ ಸೇರಿಕೊಂಡು ಬೀದಿಗಿಳಿದಿದ್ದ ದಿನಗಳವು. ಕೆಳಗೆ ಬಿದ್ದಾಗಲೂ ಅವರ ಕೈಯಲ್ಲಿ ಕ್ಯಾಮರಾ ಇತ್ತು. ಸೇನಾಡಳಿತವು ಇದನ್ನು ಆಕಸ್ಮಿಕವೆಂದಿತು. ಆದರೆ ಸೈನಿಕನು ಸಮೀಪದಿಂದಲೇ ಗುಂಡು ಹಾರಿಸಿದಂತೆ ಕಾಣುವ ದೃಶ್ಯವನ್ನು ಜಗತ್ತು ಆಗಲೇ ನೋಡಿತ್ತು. ಪಾಕಿಸ್ತಾನ ಮೂಲದ ಅದ್ರೀಸ್ ಲತೀಫ್ ರಾಯಿಟರ್ಸ್‌ಗಾಗಿ ತೆಗೆದ ಚಿತ್ರಕ್ಕೆ 2008ರಲ್ಲಿ ಪುಲಿಟ್ಝರ್ ಪ್ರಶಸ್ತಿ ಬಂತು. ಅಂತಹ ಸಾಕ್ಷ್ಯಗಳು ಇಲ್ಲದಿರುತ್ತಿದ್ದರೆ 'ಆಕಸ್ಮಿಕ' ಎಂಬುದೇ ಇತಿಹಾಸವಾಗಿ ಉಳಿಯುತ್ತಿತ್ತು.

ಪರದೇಶದಲ್ಲಿ ಈ ವೃತ್ತಿ ಎಷ್ಟು ಕಠಿಣವೆಂಬುದನ್ನು ನಾವು ಯೋಚಿಸಿದ್ದೇವೆಯೇ? ದಮನಕಾರಿ ಪ್ರಭುತ್ವವು ಪತ್ರಕರ್ತರಿಗೆ ಸುಲಭವಾಗಿ ವೀಸಾ ಕೊಡುವುದಿಲ್ಲ. ಕೊಟ್ಟರೂ ತಾನು ತೋರಿಸಬಯಸಿದ್ದನ್ನು ಮಾತ್ರ ತೋರಿಸುತ್ತದೆ. ಪ್ರವಾಸಿಯೆಂದು ಒಳಬಂದವನು ಮೊದಲ ಹೆಜ್ಜೆಯಲ್ಲೇ ಅಪರಾಧಿಯಾಗುತ್ತಾನೆ. ಅವನಿಗೆ ಭಾಷೆ ತಿಳಿಯದು, ಯಾವ ಓಣಿ ಎಲ್ಲಿಗೆ ಹೋಗುತ್ತದೆಂಬುದೂ ತಿಳಿಯದು. ಚಿತ್ರ ತೆಗೆದ ಬಳಿಕ ಅದನ್ನು ಗಡಿ ದಾಟಿಸಬೇಕು. ನಗಾಯಿಯವರ ಮೃತದೇಹ ಜಪಾನಿಗೆ ಮರಳಿತು, ಕ್ಯಾಮರಾ ಮರಳಲಿಲ್ಲ. ಅದು ಬ್ಯಾಂಕಾಕಿನಲ್ಲಿ ಅವರ ಸಹೋದರಿಯ ಕೈಸೇರಿದ್ದು 2023ರ ಏಪ್ರಿಲಿನಲ್ಲಿ, ಹದಿನೈದು ವರ್ಷಗಳಿಗೂ ಹೆಚ್ಚು ಕಾಲದ ನಂತರ. ಅವರು ಚಿತ್ರೀಕರಿಸಿದ ಕೊನೆಯ ದೃಶ್ಯಗಳು ಅದರಲ್ಲಿ ಹಾಗೆಯೇ ಉಳಿದಿದ್ದವು.

ಆದರೂ ವಿದೇಶೀಯನಿಗೆ ಒಂದು ಪಾಸ್‌ಪೋರ್ಟ್ ಇರುತ್ತದೆ, ರಾಯಭಾರ ಕಚೇರಿ ಇರುತ್ತದೆ. ಅವನಿಗೆ ದಾರಿ ತೋರಿದ ಚಾಲಕ, ಮಾತು ಅನುವಾದಿಸಿದ ಯುವಕ, ಚಿತ್ರದಲ್ಲಿ ಮುಖ ಕಾಣಿಸಿದ ಮಹಿಳೆ ಅಲ್ಲಿಯೇ ಬದುಕಬೇಕು. ಇನ್ ದಿನ್ ಗ್ರಾಮದಲ್ಲಿ ಹತ್ತು ಮಂದಿ ರೋಹಿಂಗ್ಯಾ ಪುರುಷರ ಹತ್ಯೆಯನ್ನು ತನಿಖೆ ಮಾಡುತ್ತಿದ್ದ ವಾ ಲೋನ್ ಮತ್ತು ಚೋ ಸೋ ಊ ಅದೇ ದೇಶದ ಪ್ರಜೆಗಳು. 2017ರ ಡಿಸೆಂಬರ್‌ನಲ್ಲಿ ಬಂಧಿತರಾದ ಅವರಿಗೆ ಏಳು ವರ್ಷಗಳ ಶಿಕ್ಷೆಯಾಯಿತು. 2019ರ ಮೇ ತಿಂಗಳಲ್ಲಿ ಬಿಡುಗಡೆಯಾಗುವಾಗ ಅವರು ಐನೂರಕ್ಕೂ ಹೆಚ್ಚು ದಿನ ಸೆರೆಯಲ್ಲಿ ಕಳೆದಿದ್ದರು.

ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರ ಪುಲಿಟ್ಝರ್ ಪಡೆದ ರಾಯಿಟರ್ಸ್ ತಂಡದಲ್ಲಿ ನಮ್ಮ ದೇಶದ ದಾನಿಶ್ ಸಿದ್ದೀಕಿ ಇದ್ದರು. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ, ಅಫ್ಘಾನ್ ಪಡೆ ಮತ್ತು ತಾಲಿಬಾನಿಗಳ ಕಾಳಗದ ವರದಿಗೆ ಹೋಗಿದ್ದ ಅವರು ಹತರಾದರು. ಅಲ್ಲಿ ಅವರೇ ವಿದೇಶೀಯರಾಗಿದ್ದರು. ರಂಗೂನಿನ ಹತ್ಯೆಯನ್ನು ಖಂಡಿಸುವ ನಮ್ಮ ನಾಲಗೆ ಸ್ಪಿನ್ ಬೋಲ್ಡಕ್‌ನ ಹತ್ಯೆಯ ಕುರಿತು ಮೌನ ತಾಳಿದರೆ ಅದು ನ್ಯಾಯವಲ್ಲ, ಪಕ್ಷಪಾತ. ಕೊಂದವನು ಯಾರೆಂದು ನೋಡಿ ಕಣ್ಣೀರು ಸುರಿಸುವುದು ಮರ್ದಿತರ ಪರ ನಿಲ್ಲುವವರ ಲಕ್ಷಣವಲ್ಲ.

ಇನ್ನೊಂದು ಆತ್ಮಾವಲೋಕನವೂ ಅಗತ್ಯ. ಒಂದು ದೇಶದ ಹಳೆಯ ಚಿತ್ರವನ್ನು ಇನ್ನೊಂದು ದೇಶದ ಇಂದಿನ ದೌರ್ಜನ್ಯವೆಂದು ನಾವು ಹಂಚುತ್ತೇವೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅಂತಹ ಒಂದು ಸುಳ್ಳು ಚಿತ್ರ ಸಾಕು, ನೂರು ನಿಜ ಚಿತ್ರಗಳನ್ನೂ ಸುಳ್ಳೆನ್ನಲು ದಮನಕಾರನಿಗೆ ನೆಪ ಸಿಗುತ್ತದೆ. ಪ್ರಾಣವನ್ನೇ ಒತ್ತೆಯಿಟ್ಟು ತೆಗೆದ ಸಾಕ್ಷ್ಯವನ್ನು ನಾವು ಬೆರಳ ತುದಿಯಿಂದ ಅಳಿಸಿ ಹಾಕಿದಂತಾಗುತ್ತದೆ.

ಆದ್ದರಿಂದ ಚಿತ್ರವೊಂದು ಕೈಗೆ ಬಂದಾಗ ಮೊದಲು ಕೇಳೋಣ: ಇದನ್ನು ಯಾರು, ಎಲ್ಲಿ, ಯಾವಾಗ ತೆಗೆದರು? ಇದನ್ನು ಹಂಚಿದರೆ ಇದರಲ್ಲಿರುವವರಿಗೆ ಅಪಾಯವಿದೆಯೇ? ಉತ್ತರ ತಿಳಿಯದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸೋಣ.