ಒಂದು ಚೀಟಿ, ಹಲವು ಪದರ
(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಔಷಧದ ಸೀಸೆಯ ಮೇಲಿನ ಚೀಟಿ, ಅಂದರೆ ಲೇಬಲ್, ನಾವೆಲ್ಲ ದಿನವೂ ಕಾಣುವ ವಸ್ತು. ಕಾಗದದ ತುಂಡು, ಹಿಂದೆ ಒಂದಿಷ್ಟು ಅಂಟು, ಅಷ್ಟೇ ಎಂದು ತಿಳಿದಿರುತ್ತೇವೆ. ಆದರೆ ಅದರಲ್ಲಿ ಹಲವು ಪದರಗಳುಂಟು. ಒಂದೊಂದಕ್ಕೂ ಒಂದೊಂದು ಕೆಲಸವುಂಟು.

ಹಿಂದೆ ಚೀಟಿಗೆ ಗೋಂದು ಹಚ್ಚಿ ಅಂಟಿಸುತ್ತಿದ್ದರು. 1935ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಸ್ಟಾಂಟನ್ ಏವರಿ ಎಂಬವರು, ಬೆರಳಿನಿಂದ ಒತ್ತಿದರೇ ಹಿಡಿದುಕೊಳ್ಳುವ ಚೀಟಿಗಳನ್ನು ತಯಾರಿಸಿ ಮಾರತೊಡಗಿದರು. ಇಂದಿನ ಇಂಥ ಚೀಟಿಯಲ್ಲಿ ನಾಲ್ಕು ಪದರ. ಮೇಲೆ ಅಕ್ಷರ ಅಚ್ಚಾದ ಹಾಳೆ, ಕೆಳಗೆ ಅಂಟು, ಅದರ ಕೆಳಗೆ ಸಿಲಿಕೋನಿನ ಅತಿ ತೆಳುವಾದ ಲೇಪ, ಕೊನೆಗೆ ಆ ಲೇಪವನ್ನು ಹೊತ್ತ ಬೆನ್ನಿನ ಕಾಗದ. ಸಿಲಿಕೋನಿಗೆ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದರಿಂದಲೇ ಚೀಟಿ ಹರಿಯದೆ ಸುಲಿದು ಬರುತ್ತದೆ. ಯಂತ್ರದ ಅಲಗು ಮೇಲಿನ ಹಾಳೆಯನ್ನೂ ಅಂಟನ್ನೂ ಕೊಯ್ದು, ಬೆನ್ನಿನ ಕಾಗದವನ್ನು ಕೊಯ್ಯದೆ ನಿಲ್ಲಬೇಕು.

ಇಷ್ಟರಿಂದ ಸಾಲದೆ ಬಂದ ಸಂದರ್ಭವೊಂದುಂಟು. ನಮ್ಮ ದೇಶದ 1971ರ ಕೀಟನಾಶಕ ನಿಯಮಗಳಂತೆ, ಕೀಟನಾಶಕದ ಚೀಟಿಯೂ ಅದರೊಡನೆ ಕೊಡುವ ಪತ್ರಿಕೆಯೂ ಹಿಂದಿ, ಇಂಗ್ಲಿಷ್ ಮತ್ತು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಬೇಕು. ವಿಷವೇರಿದ ಲಕ್ಷಣಗಳು, ಪ್ರಥಮ ಚಿಕಿತ್ಸೆ ಮೊದಲಾದವು ಆ ಪತ್ರಿಕೆಯಲ್ಲಿರಬೇಕು. ಅಂಗೈಯಗಲದ ಸೀಸೆಯ ಮೇಲೆ ಇಷ್ಟೆಲ್ಲ ಹಿಡಿಸುವುದೆಂತು? ಪತ್ರಿಕೆಯನ್ನು ಬೇರೆಯಾಗಿಟ್ಟರೆ ದಾರಿಯಲ್ಲಿ ಕಳೆದೀತು. ಚೀಟಿಯನ್ನೇ ಪುಸ್ತಕ ಮಾಡುವುದು ಒಂದು ಉಪಾಯ.

ಅದನ್ನು ಕಟ್ಟುವ ಕ್ರಮ ಹೀಗೆ. ಅಡಿಯಲ್ಲಿ ಒಂದು ಅಂಟುಚೀಟಿ. ಅದರ ಮೇಲೆ ಮಡಿಸಿದ ಅಚ್ಚಿನ ಹಾಳೆಗಳು. ಎಲ್ಲದರ ಮೇಲೆ ಹಾಳೆಗಿಂತ ತುಸು ಅಗಲವಾದ ಪಾರದರ್ಶಕ ಪೊರೆ. ಒಂದು ಅಂಚು ಪುಸ್ತಕದ ಬೆನ್ನಿನಂತೆ ಭದ್ರ. ಎದುರಿನ ಅಂಚಿನ ಕೆಳಗೆ ನುಣುಪಾದ ವಾರ್ನಿಷ್ ಬಳಿದಿರುತ್ತಾರೆ. ಅಲ್ಲಿ ತೆರೆದು ಓದಿ ಮತ್ತೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಉಗುರಿಗೆ ಸಿಗಲೆಂದು ಒಂದು ಮೂಲೆಗೆ ಅಂಟೇ ಇಲ್ಲ.

ಆದುದರಿಂದ ಇದರ ವಿನ್ಯಾಸವೆಂದರೆ ಮುಖ್ಯವಾಗಿ ಅಂಟಿನ ತಾರತಮ್ಯ. ಬೆನ್ನಿನ ಕಾಗದ ಸುಲಭವಾಗಿ ಬಿಡಬೇಕು. ತೆರೆಯುವ ಅಂಚು ಬೇಕೆಂದಾಗ ಮಾತ್ರ ಬಿಡಬೇಕು. ಬೆನ್ನಿನ ಅಂಚು ಎಷ್ಟು ಸಲ ತೆರೆದರೂ ಬಿಡಬಾರದು. ಅಡಿಯ ಚೀಟಿಯಂತೂ ಸೀಸೆಯನ್ನು ಬಿಡಲೇಬಾರದು. ಈ ಕ್ರಮ ತಪ್ಪಿದರೆ ಪುಸ್ತಕವೇ ಕಿತ್ತುಬರುತ್ತದೆ. ಸೀಸೆ ಚಿಕ್ಕದಾಗಿ ದುಂಡಗಿದ್ದರೆ ಇನ್ನೊಂದು ತೊಡಕು: ದಪ್ಪನೆಯ ಮಡಿಕೆ ನೆಟ್ಟಗಾಗಲು ಹವಣಿಸಿ ಅಂಚನ್ನು ಎಬ್ಬಿಸುತ್ತದೆ. ಅದಕ್ಕೆಂದೇ ತೆಳುಕಾಗದ, ಕಡಿಮೆ ಮಡಿಕೆ.

ಬಂಧುಗಳೇ, ಗಿರಣಿಯ ಗುಮಾಸ್ತನಾದ ನಾನು ಇದನ್ನೇಕೆ ಹೇಳುತ್ತಿದ್ದೇನೆ? ಗಿರಣಿಗೆ ಬರುವ ಹತ್ತಿ ಹೊಲದ್ದು. ಹೊಲದಲ್ಲಿ ಔಷಧಿ ಹೊಡೆಯುವವರು ನಮ್ಮ ಅಣ್ಣತಮ್ಮಂದಿರು. ಸೀಸೆಯ ಮೇಲಿನ ತ್ರಿಕೋನದ ಬಣ್ಣ ವಿಷದ ಉಗ್ರತೆಯನ್ನು ಹೇಳುತ್ತದೆ: ಕೆಂಪು ಎಲ್ಲಕ್ಕಿಂತ ಉಗ್ರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೂ ವಿಷವೇ. ಏನಾದರೂ ಆದರೆ ಮಾಡಬೇಕಾದುದೇನೆಂಬುದು ಒಳಪದರದಲ್ಲಿರಬಹುದು, ಅದೂ ಕನ್ನಡದಲ್ಲಿ. ಅದನ್ನು ಕಸವೆಂದು ಕಿತ್ತೆಸೆದರೆ ವೈದ್ಯರಿಗೆ ತೋರಿಸಲು ಏನು ಉಳಿಯಿತು?

ಊರಿಗೆ ಹೋದಾಗ ಮನೆಯವರಿಗೆ ಮೂರು ಮಾತು ಹೇಳಿರಿ: ಚೀಟಿಯ ಮೂಲೆ ಎತ್ತಿ ಓದಿರಿ, ಔಷಧಿಯನ್ನು ಬೇರೆ ಸೀಸೆಗೆ ಸುರಿಯಬೇಡಿರಿ, ಆಸ್ಪತ್ರೆಗೆ ಓಡುವಾಗ ಚೀಟಿಯಿರುವ ಸೀಸೆಯನ್ನೂ ಒಯ್ಯಿರಿ. ಓದಬಾರದವರಿಗೆ ಓದಿ ಹೇಳುವುದು ಓದಿದ ನಮ್ಮ ಕರ್ತವ್ಯ.